ಮಾವನ ಹಾಡಿನ ಡಬ್ಬ

ಬಿಳಿಗೆರೆಯ ನನ್ನ ಸೋದರಮಾವನಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಿ ಆರು ವರ್ಷವಾಯಿತು. ಅತ್ತೆ ಬೆಳಗಿನ ಬಸ್ಸಿಗೆ ನಂಜನಗೂಡಿಗೆ ಹೋಗಿ ಹೂ ಮಾರಿ, ಮಧ್ಯಾಹ್ನದ ಬಸ್ಸಿಗೆ ಮನೆ ಸಾಮಾನು ತುಂಬಿದ ಬುಟ್ಟಿಯೊಂದಿಗೆ ಬರುತ್ತಾರೆ. ಆ ಬುಟ್ಟಿಯನ್ನು ಬಸ್‌ಸ್ಟಾಪಿನಿಂದ ಮನೆಗೆ ಹೊರುವುದು ಮಾವನ ಕೆಲಸ. ಕೋಲೂರಿಕೊಂಡು ಒಬ್ಬರೇ ಹೋಗುತ್ತಾರೆ. ಈ ಕೆಲಸವೊಂದು ತಪ್ಪಿದರೆ ಮಾವ ಮೂಲೆ ಹಿಡಿದುಬಿಡುತ್ತಾರೆಂದು ನಮಗೆಲ್ಲ ಗೊತ್ತು.

ಅವರ ಬಳಿ ಅಂಗೈಯಗಲದ ಒಂದು ಹಾಡಿನ ಡಬ್ಬವಿತ್ತು. ಒಡೆದ ಮೈಗೆ ರಬ್ಬರ್ ಬ್ಯಾಂಡು, ಒಳಗೆ ನಂಜನಗೂಡಿನ ಮೊಬೈಲ್ ಅಂಗಡಿಯಲ್ಲಿ ತುಂಬಿಸಿದ ಮೆಮೊರಿ ಕಾರ್ಡು. ವರ್ಷಗಟ್ಟಲೆ ಅವೇ ಹಾಡು, ಒಂದರ ಹಿಂದೊಂದು ಅದೇ ಸಾಲಿನಲ್ಲಿ. ಹೋದಾಗಲೆಲ್ಲ ಕೇಳಿ ನನಗೆ ತಲೆ ಚಿಟ್ಟು ಹಿಡಿದಿತ್ತು. ಒಮ್ಮೆ ಟಿ. ನರಸೀಪುರದಿಂದ ಸಿಮ್ ಹಾಕಿದ ಹೊಸ ಪ್ಲೇಯರ್ ತಂದುಕೊಟ್ಟು, ಹಳೆಯದನ್ನು ಅಟ್ಟಕ್ಕೆ ಹಾಕಿದೆ. ಇಂಟರ್‌ನೆಟ್ಟಿನಿಂದ ದಿನಕ್ಕೊಂದು ಹೊಸ ಹಾಡು ಬರುತ್ತದೆ ಎಂದು ಭಾಷಣ ಬೇರೆ.

“ಏನ್ ಚಂದಾಗಿ ಆಡ್ತದ್ಲಾ!” ಎಂದರು ಮಾವ. ನಾನು ಉಬ್ಬಿಹೋದೆ.

ಎಂಟು ದಿನ ಬಿಟ್ಟು ಹೋದಾಗ ಮಾವ ಜಗಲಿಯ ಮೇಲೆ ಕೂತಿದ್ದರು. ಪ್ಲೇಯರು ಅರ್ಧ ಹಾಡಿ, ನೆಟ್‌ವರ್ಕ್ ಹೋಗಿ ನಿಂತು, ಮತ್ತೆ ಬೇರೇನೋ ಶುರುಮಾಡಿತು.

“ಟೇಮ್ ಎಷ್ಟ್ಲಾ?” ಎಂದರು. ಹೇಳಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದರು. ಮೂರನೆಯ ಸಲಕ್ಕೆ ನನಗೆ ರೇಗಿತು. “ಅದೇನ್ ಮಾವ, ಕಚೇರಿಗೆ ಹೋಗ್ಬೇಕಾ?”

ಮಾವ ನಕ್ಕರು. ಆಮೇಲೆ ಮೆಲ್ಲಗೆ ಹೇಳಿದರು: “ನಿಮ್ಮತ್ತೆ ಒಂಟ ಕೂಡ್ಲೆ ಅಳೇ ಡಬ್ಬ ಆಕ್ತಿದ್ದೆ ಕಣ್ಲಾ. ಕೊಳ್ಲು ಊದೋ ಹಾಡ್ ಬಂದ್ರೆ ಮಾತ್ರೆ ನುಂಗೋದು. ಸೋಬಾನೆ ಪದ ಶುರುವಾದ್ರೆ ಎಕ್ಕಡ ಮೆಟ್ಕಂಡು ಬಸ್ಗೆ ಒಂಡೋದು. ಇದು ಯಾವಾಗ್ ಯಾವ್ದ್ ಆಡ್ತದೋ ತಿಳೀದು. ಪಿರೂತಿಂದ ತಂದಿದ್ದೀಯ, ನಿಂಗ್ ಬೇಜಾರಾಯ್ತದೆ ಅಂತ ಸುಮ್ಕಿದ್ದೆ.”

ಬಸ್ಸಿನ ವೇಳೆ ತಿಳಿಯದೆ ಮಾವ ಹೋಗುವುದು ನಿಂತು, ಎಂಟು ದಿನದಿಂದ ಅತ್ತೆಯೇ ಬುಟ್ಟಿ ಹೊತ್ತು ಬರುತ್ತಿದ್ದರಂತೆ. ನನಗೆ ನಾಚಿಕೆಯಾಯಿತು. ಅಟ್ಟ ಹತ್ತಿ ಡಬ್ಬ ಇಳಿಸಿ ಕೊಟ್ಟೆ.

“ಈಗೆಷ್ಟು?”

“ಹನ್ನೊಂದೂ ಕಾಲು, ಮಾವ.”

ತುಟಿಯಲ್ಲೇ ಎಣಿಸುತ್ತಾ ಬಟನ್ ಒತ್ತುತ್ತಾ ಹೋಗಿ, ಒಂದು ಹಾಡಿಗೆ ನಿಲ್ಲಿಸಿದರು. ಹನ್ನೊಂದೂ ಕಾಲಿನ ಹಾಡು ಅದೇ. ಯಾರನ್ನೂ ಟೈಮು ಕೇಳದೆ ಬದುಕಲು ಇಡೀ ಬೆಳಗನ್ನು ತಲೆಯಲ್ಲಿ ಹೀಗೆ ಜೋಡಿಸಿಟ್ಟುಕೊಂಡಿದ್ದ ಮನುಷ್ಯನನ್ನು ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಅಷ್ಟು ದೊಡ್ಡ ಕೆಲಸ ಮಾಡುತ್ತಿದ್ದ ಡಬ್ಬವನ್ನು ನಾನು ಕಸ ಅಂದುಕೊಂಡಿದ್ದೆ.

ಸೋಬಾನೆ ಶುರುವಾದದ್ದೇ ಮಾವ ಎದ್ದು ಚಪ್ಪಲಿ ಮೆಟ್ಟಿದರು. ಕೈ ಹಿಡಿಯಹೋದರೆ “ಬುಡ್ಲಾ” ಎಂದು ಕೊಡವಿದರು. ನಾನು ಹತ್ತು ಹೆಜ್ಜೆ ಹಿಂದೆ ನಡೆದೆ. ನಾವು ಸ್ಟಾಪು ಮುಟ್ಟುವುದಕ್ಕೂ ಬಸ್ಸು ಬರುವುದಕ್ಕೂ ಸರಿಹೋಯಿತು.

ಮಾವನನ್ನು ಕಂಡು ಅತ್ತೆಯ ಮುಖ ಅರಳಿತು. “ಅಂತೂ ಬಂದ್ರಾ! ಮಂಡಿ ನೋವು ವಾಸಿಯಾಯ್ತಾ?”

ಮಾವನಿಗೆ ಮಂಡಿ ನೋವಿರಲೇ ಇಲ್ಲ. ನನ್ನ ಮೇಲೆ ಮಾತು ಬರಬಾರದೆಂದು ಎಂಟು ದಿನ ಅತ್ತೆಗೆ ಹಾಗೆ ಹೇಳಿಕೊಂಡು ಬಂದಿದ್ದರು.

“ಆಯ್ತು ಕಣಮ್ಮಿ, ಕೊಡಿಲ್ಲಿ” ಎಂದು ಮಾವ ಬುಟ್ಟಿಗೆ ಕೈ ಚಾಚಿದರು.