ಕಾಪುವಿನ ಅಂಗಳದಲ್ಲಿ ನೆಲತೆಂಗು

ತೊಂಬತ್ತರ ದಶಕದ ಕೊನೆಯ ಒಂದು ಮಳೆಗಾಲ. ಮಣಿಪಾಲದ ಕಲ್ಲುಪಾದೆಯನ್ನು, ಆ ಬಂಡೆಬಯಲನ್ನು, ಸೈಟುಗಳಿಗಾಗಿ ಸಮತಟ್ಟು ಮಾಡುತ್ತಿದ್ದರು. ಕಚೇರಿ ಬಿಟ್ಟು ಬಸ್ಸಿಗೆ ನಡೆಯುವಾಗ ಹುಲ್ಲಿನ ನಡುವೆ, ನೆಲಕ್ಕೇ ಅಂಟಿಕೊಂಡಂತೆ, ಆರೆಸಳಿನ ಹಳದಿ ಹೂವೊಂದು ನನಗೆ ಕಂಡಿತು. ಎಲೆಗೆ ಎಳೆ ತೆಂಗಿನ ಸಸಿಯ ಹಾಗೆ ಉದ್ದನೆಯ ಮಡಿಕೆಗಳು. ಗ್ರಂಥಾಲಯದ ಸಸ್ಯಪುಸ್ತಕ ವಿಚಾರಣೆ ನಡೆಸಿ ತೀರ್ಪಿತ್ತಿತು: ನೆಲತೆಂಗು. ಬೇಸಿಗೆಯಲ್ಲಿ ಎಲೆ ಒಣಗಿ ಮಾಯ. ಗೆಡ್ಡೆ ಮಾತ್ರ ಮಣ್ಣೊಳಗೆ ಜೀವ ಹಿಡಿದಿರುತ್ತದೆ.

ಬುಲ್ಡೋಜರ್ ಆ ಮೂಲೆಗೆ ಬರುವ ಮೊದಲೇ ಗೆಡ್ಡೆ ಸಮೇತ ಕಿತ್ತು, ಬುತ್ತಿಚೀಲದಲ್ಲಿಟ್ಟು ಕಾಪುವಿನ ಮನೆಗೆ ತಂದು ಅಂಗಳದಲ್ಲಿ ನೆಟ್ಟೆ. ಮರಳಿ ಹೋಗಿ ನೋಡಿದಾಗ ಪಾದೆಯಲ್ಲಿ ಹುಲ್ಲೂ ಉಳಿದಿರಲಿಲ್ಲ. ಇದೊಂದಾದರೂ ಉಳಿಯಲೇಬೇಕು ಅನಿಸಿತು.

"ಹುಲ್ಲು ಕೀಳುವವರನ್ನು ಕಂಡಿದ್ದೇನೆ. ನೆಡುವವರನ್ನು ಈಗಲೇ ನೋಡಿದ್ದು," ಎಂದಳು ಹೆಂಡತಿ.

ಮಳೆ ಮುಗಿದ ಮೇಲೆ ಹುಲ್ಲು ಹೆರೆದು ಅಂಗಳ ಕೆತ್ತುವುದು ನಮ್ಮ ಕಡೆಯ ಪದ್ಧತಿ. ಗುದ್ದಲಿಗೆ ಸಸ್ಯಶಾಸ್ತ್ರ ಗೊತ್ತಿಲ್ಲ. ಆದ್ದರಿಂದ ಗಿಡದ ಸುತ್ತ ಕೆಂಪು ಮುರಕಲ್ಲಿನ ತುಂಡುಗಳನ್ನು ಇಟ್ಟೆ. ಬೇಸಿಗೆ ಹತ್ತಿರವಾಗುತ್ತಲೇ ಎಲೆಗಳು ಹೋದವು. ಕಲ್ಲುಗಳ ನಡುವೆ ಬರೀ ಮಣ್ಣು.

ಒಂದು ಬೆಳಿಗ್ಗೆ ಪಕ್ಕದ ಮನೆಯ ಅಕ್ಕ ಅದರ ಮುಂದೆ ಕೈಮುಗಿದು ನಿಂತಿದ್ದರು.

"ನಾಗನಿಗೆ ಜಾಗ ಮಾಡಿದ್ದೀರಿ, ಒಂದು ಮಾತು ಹೇಳ್ಬಾರ್ದಾ ಮಾರಾಯ್ರೆ?"

"ಒಳಗೆ ಗೆಡ್ಡೆ ಉಂಟು ಅಕ್ಕಾ, ಅಷ್ಟೇ."

"ಹೌದು ಹೌದು. ಒಳಗೆ ಎಂತ ಉಂಟು ಅಂತ ಬಾಯಿಬಿಟ್ಟು ಹೇಳುವುದಲ್ಲ."

ಮರುದಿನ ಅಲ್ಲಿ ಅರಸಿನ ಬಿದ್ದಿತ್ತು. ಅದರ ಮಾರನೆಯ ದಿನ ಅಕ್ಕ ಒಂದು ಚೊಂಬು ಹಾಲು, ಎರಡು ಸೀಯಾಳ ಹಿಡಿದು ನಾಗನಿಗೆ ಎರೆಯಲು ಬಂದರು. ಮಲಗಿರುವ ಗೆಡ್ಡೆಗೆ ತೇವ ತಾಗಿದರೆ ಕೊಳೆಯುವುದು ಖಂಡಿತ. ಬುಲ್ಡೋಜರಿನಿಂದ ಪಾರಾದದ್ದು ಭಕ್ತಿಗೆ ಬಲಿಯಾಗುವುದೆಂದರೆ!

ನಾನು ತಡವರಿಸುವಷ್ಟರಲ್ಲಿ ಹೆಂಡತಿ ಅಡ್ಡ ನಿಂತಳು.

"ಬೇಡ ಅಕ್ಕಾ. ಮಳೆ ಬರುವವರೆಗೆ ಇದಕ್ಕೆ ಒಂದು ಹನಿ ಕೂಡ ಆಗ್ಲಿಕ್ಕಿಲ್ಲ. ನಿಯಮ."

"ಯಾರು ಹೇಳಿದ್ದು?"

"ಪುಸ್ತಕದಲ್ಲೇ ಉಂಟು."

ಪುಸ್ತಕವೆಂದ ಮೇಲೆ ಅಕ್ಕ ಹಾಲಿನ ಚೊಂಬನ್ನು ಜಗಲಿಯ ಮೇಲಿಟ್ಟರು. ಸೀಯಾಳವನ್ನು ನಾವು ಮೂವರೇ ಕುಡಿದೆವು.

ಜೂನಿನ ಮಳೆ ಹಿಡಿದ ಮೇಲೆ ನಾನು ದಿನವೂ ಕುಕ್ಕರಗಾಲಲ್ಲಿ ಕೂತು ನೋಡಿದೆ. ಹೆಂಡತಿಯೂ ನೋಡುತ್ತಿದ್ದಳು, ನಾನಿಲ್ಲದಾಗ. ಒಂದು ದಿನ ಮಡಿಕೆ ಮಡಿಕೆಯಾದ ಹಸಿರು ಮೊಳಕೆ. ಆಮೇಲೆ ಅದೇ ಆರೆಸಳಿನ ಹಳದಿ. ಅಕ್ಕನನ್ನು ಕರೆದು ತೋರಿಸಿದೆವು. ಅವರು ಬಹಳ ಹೊತ್ತು ಬಗ್ಗಿ ನೋಡಿದರು.

"ಇಷ್ಟೇಯಾ?" ಎಂದರು. ಆಮೇಲೆ, ಬಾಗಿ ಮಣ್ಣು ಮುಟ್ಟಿದ್ದ ಎಲೆಯೊಂದರ ತುದಿಯಲ್ಲಿ ಬೇರುಬಿಟ್ಟ ಪುಟ್ಟ ಮರಿಯನ್ನು ಬೆರಳಿನಿಂದ ತೋರಿಸಿ, "ಇದು ನನಗೆ. ಬೇರೆ ಯಾರಿಗೂ ಕೊಡ್ಬೇಡಿ," ಎಂದರು.