ಮಸ್ತೂರಾ ಓಪಾಳ ಹಿಮಚೀಟಿ

ವಸಂತದ ಹಿಮ ಚಂದ, ಆದರೆ ಕೊಲ್ಲುತ್ತದೆ. ಇದು ನಿಮಗೆ ಗೊತ್ತಿರಬೇಕಿತ್ತು. ಬೆಳಗ್ಗೆ ಸಾಧುವಾಗಿ ಕೂತಿರುತ್ತದೆ. ಬಿಸಿಲೇರಿತೋ, ನೀರು ಕುಡಿದು ಭಾರವಾಗಿ ಇಡೀ ಇಳಿಜಾರೇ ಕೆಳಗೆ ಬರುತ್ತದೆ.

ತಾಷ್ಕೆಂಟಿನ ಮೇಲಿನ ಬೆಟ್ಟಗಳ ಒಂದು ಸ್ಕೀ ತಾಣದಲ್ಲಿ ಇದನ್ನು ಅಂಗೈಯಿಂದಲೇ ಬಲ್ಲವಳು ಮಸ್ತೂರಾ. ವಯಸ್ಸು ಐವತ್ನಾಲ್ಕು, ಎಲ್ಲರಿಗೂ ಓಪಾ, ಅಂದರೆ ಅಕ್ಕ. ಮೊದಲು ಅಲ್ಲಿನ ಅಡುಗೆಮನೆಯಲ್ಲಿ ನಾನ್ ಹಿಟ್ಟು ನಾದುತ್ತಿದ್ದಳು. ಹಿಮ ಅಳೆಯುತ್ತಿದ್ದ ಮುದುಕ ಮಂಡಿನೋವೆಂದು ಅಳತೆಗೋಲನ್ನು ಅವಳ ಕೈಗಿಟ್ಟು ಹೋದ. ಹದಿನೆಂಟು ವರ್ಷದಿಂದ ದಿನಾ ಆರು ಗಂಟೆಗೆ ಮೇಲೆ ಹತ್ತುತ್ತಾಳೆ, ಕೋಲು ನೋಡುತ್ತಾಳೆ, ಒಂದು ಹಿಡಿ ಹಿಮ ಹಿಂಡುತ್ತಾಳೆ. ಉದುರಿದರೆ ಪುಡಿಹಿಮ, ಭಯವಿಲ್ಲ. ಹಿಟ್ಟಿನಂತೆ ಉಂಡೆ ಕಟ್ಟಿದರೆ ಬಿಸಿಲೇರುವ ಮುಂಚೆ ಮೇಲಿನ ಇಳಿಜಾರು ಮುಚ್ಚಬೇಕು.

ಅಳೆಯುವವಳು ಅವಳು, ಬೋರ್ಡಿನ ಮೇಲೆ ಬರೆಯುವವನು ಮ್ಯಾನೇಜರ್ ಎರ್ಗಾಶ್. ಈ ಚಳಿಗಾಲ ಆಕಾಶದಿಂದ ಒಂದು ಚೂರು ಹಿಮವೂ ಬೀಳಲಿಲ್ಲ. ಯಂತ್ರದಿಂದ ಎರಡು ಪಟ್ಟಿ ಊದಿಸಿ, ಬೋರ್ಡಿನಲ್ಲಿ ಮಾತ್ರ ದಿನಾ ‘ಹೊಸ ಹಿಮ’ ಎಂದು ಬರೆದ, ಭೂಪ.

ಏಪ್ರಿಲ್ ಎರಡನೇ ವಾರ ನಿಜವಾದ್ದು ಬಿತ್ತು. ಬೆಳಗ್ಗೆ ಕೋಲಿನ ಬಳಿ ಮಸ್ತೂರಾ ದಬಾರನೆ ಅಂಗಾತ ಬಿದ್ದಳು, ಉರುಳಿದಳು, ಬಾಯ್ತುಂಬ ಹಿಮ ತಿಂದಳು, ಒಬ್ಬಳೇ ಕೇಕೆ ಹಾಕಿದಳು. ನಲವತ್ತೇಳು ಸೆಂಟಿಮೀಟರ್! ಆಮೇಲೆ ಒಂದು ಹಿಡಿ ಹಿಂಡಿದಳು. ಉಂಡೆ ಕಟ್ಟಿತು.

ಕೆಳಗೆ ಬಂದರೆ ಬೋರ್ಡು: ‘ಎಪ್ಪತ್ತು ಸೆಂಟಿಮೀಟರ್ ಪುಡಿಹಿಮ. ಎಲ್ಲ ಇಳಿಜಾರೂ ತೆರೆದಿವೆ.’

“ಎರ್ಗಾಶ್‌ಜಾನ್, ಇರೋದು ನಲವತ್ತೇಳು. ಅದೂ ಉಂಡೆ ಕಟ್ತಿದೆ. ಹನ್ನೊಂದರೊಳಗೆ ಮೇಲ್ಗಡೆ ಮುಚ್ಚಿಸಪ್ಪ.”

“ಓಪಾ, ಮುನ್ನೂರು ಜನ ಬಂದಿದಾರೆ. ನಿಮ್ ಕೆಲ್ಸ ಅಳೆಯೋದು, ಆಳೋದಲ್ಲ.”

ನಮ್ಮ ಉಜ್ಬೆಕರಲ್ಲಿ ವರ್ಷದ ಮೊದಲ ಹಿಮ ಬಿದ್ದ ದಿನ ‘ಹಿಮ ನಮ್ಮದು, ಊಟ ನಿಮ್ಮದು’ ಎಂದು ಚೀಟಿ ಬರೆದು ಯಾರದಾದರೂ ಕೈಗೆ ತುರುಕಿ ಓಡುತ್ತೇವೆ. ಅವರು ನಮ್ಮನ್ನು ಹಿಡಿದರೆ ಮುಖಕ್ಕೆ ಮಸಿ ಬಳಿಸಿಕೊಂಡು ನಾವೇ ಊಟ ಹಾಕಬೇಕು. ಹಿಡಿಯದಿದ್ದರೆ ಚೀಟಿಯಲ್ಲಿ ಕೇಳಿದ್ದನ್ನು ಅವರು ಕೊಡಲೇಬೇಕು. ಕೊಡದವನಿಗೆ ಊರಲ್ಲಿ ಮುಖವಿಲ್ಲ.

ಮಸ್ತೂರಾ ಬಿಸಿ ನಾನ್ ಮಡಚಿ ಎರ್ಗಾಶನ ಕೈಗೆ ಕೊಟ್ಟಳು. ಅವನು ಮುರಿದ. ಒಳಗೆ ಚೀಟಿ: ‘ಹಿಮ ನಮ್ಮದು, ಬೋರ್ಡು ನಿಮ್ಮದು. ನಿಜ ಬರೆಯಿರಿ, ಮೇಲಿನದು ಮುಚ್ಚಿ.’

ಅಷ್ಟರಲ್ಲಿ ಅವಳು ಸ್ಕೀ ಕಟ್ಟಿ ಜಾರಿಹೋಗಿದ್ದಳು.

“ಹಿಡೀರೋ ಅವರನ್ನ!”

“ನೀವೇ ಹಿಡೀಬೇಕು ಅಕಾ, ನೀವೇ ಅಣ್ಣಾ!” ಎಂದು ರೋಪ್‌ವೇ ಹುಡುಗಿಯರು ಕುಣಿದರು.

ಎರ್ಗಾಶ್ ಚರ್ಮದ ಬೂಟಿನಲ್ಲಿ ಓಡಿದ. ನಾಲ್ಕನೇ ಹೆಜ್ಜೆಗೆ ಮಂಡಿಯವರೆಗೆ ಹೂತುಹೋದ. ಒಂದು ಬೂಟು ಒಳಗೇ ಉಳಿಯಿತು. ಸರದಿಯಲ್ಲಿ ನಿಂತವರೆಲ್ಲ ಸಿಳ್ಳೆ ಹಾಕಿದರು.

“ಇದು ಮೊದಲ್ನೇ ಹಿಮಾನೇ ಅಲ್ಲ! ಏಪ್ರಿಲ್‌ನಲ್ಲಿ ಎಂಥಾ ಚೀಟಿ?” ಅಂತ ಹೂತಲ್ಲಿಂದಲೇ ಕೂಗಿದ.

“ಹಂಗಾದ್ರೆ ಮೊದಲ್ನೇದು ಯಾವತ್ತು ಬಿತ್ತು? ದಿನ ಹೇಳಪ್ಪ! ಯಂತ್ರ ಊದಿದ್ದು ನಡೆಯಲ್ಲ!” ಎಂದು ಮಸ್ತೂರಾ ಇಳಿಜಾರಿನಿಂದ ತಿರುಗಿ ಕೂಗಿದಳು.

ಎರ್ಗಾಶ್ ಸಿಕ್ಕಿಬಿದ್ದ. ದಿನ ಹೇಳಿದರೆ ಸುಳ್ಳೆಂದು ಎಲ್ಲರಿಗೂ ಗೊತ್ತು. ಬಿದ್ದೇ ಇಲ್ಲವೆಂದರೆ ಚಳಿಗಾಲವಿಡೀ ಬರೆದ ಬೋರ್ಡು? ಕಾಲುಚೀಲದಲ್ಲೇ ಕುಂಟುತ್ತ ಬಂದು ಎಪ್ಪತ್ತನ್ನು ಅಳಿಸಿ ನಲವತ್ತೇಳು ಬರೆದ, ಮೇಲಿನ ಇಳಿಜಾರು ಮುಚ್ಚಿಸಿದ.

ಮುನ್ನೂರು ಜನವೂ ಕೆಳಗಿನ ಇಳಿಜಾರಿನಲ್ಲೇ ಗೋಣಿಚೀಲ, ಚಹಾ ತಟ್ಟೆ, ಸಿಕ್ಕಿದ್ದರ ಮೇಲೆ ಕೂತು ಜಾರಿದರು. ಒಂದೂವರೆಗೆ ಗುಡುಗಿನಂತೆ ಸದ್ದಾಯಿತು. ಮೇಲಿನ ಇಳಿಜಾರು ಪೂರ್ತಿ ಕಳಚಿ ಆಚೆ ಬದಿಯ ಕಣಿವೆ ತುಂಬಿತು. ಅಲ್ಲಿ ಯಾರೂ ಇರಲಿಲ್ಲ.

ಎಲ್ಲರೂ ಮೇಲೆ ನೋಡುತ್ತ ನಿಂತಿದ್ದಾಗ ಮಸ್ತೂರಾ ಕೇಳಿದಳು: “ಎರ್ಗಾಶ್‌ಜಾನ್, ಬೂಟು ಸಿಕ್ತಾ?”

ನಗು ಮತ್ತೆ ಒಡೆಯಿತು. ಎರ್ಗಾಶನೂ ನಕ್ಕ, ಕಣ್ಣಲ್ಲಿ ನೀರು ಬರುವಷ್ಟು.

ಯಾರೂ ಸಾಯಲಿಲ್ಲ. ಅದಕ್ಕೇ ಯಾವ ಪತ್ರಿಕೆಯೂ ಬರೆಯಲಿಲ್ಲ.

ಈಗ ಚೀಟಿ ನಿಮ್ಮ ಕೈಯಲ್ಲಿದೆ. ಓದಿಬಿಟ್ಟಿದ್ದೀರಿ, ಮಸ್ತೂರಾ ಆಗಲೇ ಗುಡ್ಡ ಇಳಿದಾಯಿತು, ಹಿಡಿಯಲಾರಿರಿ. ಕೊಡಬೇಕಾದ್ದನ್ನು ಕೊಡಿ: ಇನ್ನು ಯಾವ ಬೆಟ್ಟದ ಬುಡದಲ್ಲಿ ಬೋರ್ಡು ಕಂಡರೂ, ಮೇಲೆ ಹತ್ತುವ ಮುಂಚೆ, “ಇದನ್ನ ಅಳೆದವರು ಯಾರು? ಅವರನ್ನ ಕರೀರಿ” ಎಂದು ಎಲ್ಲರಿಗೂ ಕೇಳುವಂತೆ ಕೇಳಿ.