ವೈನಿ ಚುಕ್ಕಿ

ನಮ್ಮದು ಗಂಗಾವತಿಯಲ್ಲಿ ಆಟದ ಸಾಮಾನಿನ ಅಂಗಡಿ. ಗಲ್ಲೆಯಲ್ಲಿ ಒಮ್ಮೆ ನನ್ನ ಗಂಡ ಕೂಡುತ್ತಾರೆ, ಒಮ್ಮೆ ನಾನು. ಕೆಲವು ವರ್ಷಗಳ ಹಿಂದೆ ಗಿರಾಕಿಯೊಬ್ಬರು ದೊಡ್ಡ ರಿಮೋಟ್ ಟ್ರಕ್ಕು ಬೇಕೆಂದು ಹೇಳಿ ತರಿಸಿ, ಅದು ಬರುವಷ್ಟರಲ್ಲಿ ವರ್ಗವಾಗಿ ಊರು ಬಿಟ್ಟರು. ಗೋಡೆಗೆ ಒಂದು ಸಲ ಬಡಿದರೆ ಕಥೆ ಮುಗಿಯುವಂಥ ಆಟಿಕೆಯಲ್ಲ ಅದು. ಮೊಳದುದ್ದದ ಗಾಡಿ, ಮುಳ್ಳುಮುಳ್ಳಾದ ದಪ್ಪ ರಬ್ಬರ್ ಗಾಲಿ, ಬಂಡೆ ಹತ್ತಲೆಂದೇ ಮಾಡಿದ್ದು. ರಿಮೋಟು ಪಿಸ್ತೂಲಿನ ಆಕಾರದ್ದು. ತೋರುಬೆರಳಿನಿಂದ ಕುದುರೆ ಎಳೆದರೆ ಗಾಡಿ ಓಡುತ್ತದೆ, ಪಕ್ಕದ ಪುಟ್ಟ ಚಕ್ರ ತಿರುವಿದರೆ ಹೊರಳುತ್ತದೆ. ಚಾಲೂ ಇದೆಯೋ ಇಲ್ಲವೋ ನೋಡಿ ಇಡೋಣ ಎಂದು ಗಂಡ ಡಬ್ಬಿ ಬಿಚ್ಚಿದರು. ಆ ಡಬ್ಬಿಯನ್ನು ಮತ್ತೆ ಮುಚ್ಚಲೇ ಇಲ್ಲ.

ಭಾನುವಾರ ಮಧ್ಯಾಹ್ನ ಅಂಗಡಿಗೆ ಬಾಗಿಲೆಳೆದು ಆನೆಗೊಂದಿಯ ಬಂಡೆಗಳಿಗೆ ಹೋಗುವುದು ರೂಢಿಯಾಯಿತು. ಗಂಡನ ಗೆಳೆಯರೊಬ್ಬರು, ಅಕ್ಕಿ ವ್ಯಾಪಾರದವರು, ನಮ್ಮದನ್ನು ನೋಡಿ ತಾವೂ ಒಂದು ತರಿಸಿಕೊಂಡರು. ಅವರು ನನ್ನ ಗಂಡನಿಗಿಂತ ಕಿರಿಯರು, ಹಾಗಾಗಿ ನಾನು ಅವರಿಗೆ ವೈನಿ. ನಮ್ಮ ಕಡೆ ಅಣ್ಣನ ಹೆಂಡತಿಯನ್ನು ಹಾಗೆ ಕರೆಯುತ್ತಾರೆ. ಪ್ರೀತಿಯ ಮಾತು, ನನಗೂ ಇಷ್ಟವಾಗಿತ್ತು.

ಬಾಳೆತೋಟ ದಾಟಿದ ಮೇಲೆ ಸಿಗುವ ಒಂದು ಬಂಡೆಗೆ ನಾವು ಮೊಳಕೈ ಎಂದು ಹೆಸರಿಟ್ಟಿದ್ದೆವು. ನೆಟ್ಟಗೆ ಏರುವ ಬಂಡೆ ನಡುವೆ ಮಡಿಚಿದ ಮೊಳಕೈಯ ಹಾಗೆ ಗಕ್ಕನೆ ಬಲಕ್ಕೆ ತಿರುಗುತ್ತದೆ. ಎಡಕ್ಕೆ ಕೊರಕಲು, ಅದರಲ್ಲಿ ಜಾಲಿಮುಳ್ಳು. ಗಂಡನ ಕೈಯಲ್ಲಿ ಟ್ರಕ್ಕು ಆ ತಿರುವನ್ನು ಸರಕ್ಕನೆ ದಾಟುತ್ತಿತ್ತು. ಅದೇ ಟ್ರಕ್ಕು, ಅದೇ ಬಂಡೆ, ನನ್ನ ಕೈಗೆ ಬಂದರೆ ಮೇವು ಹೇರಿದ ಲಾರಿಯಂತೆ ಅಗಲವಾಗಿ ಸುತ್ತು ಹಾಕಿ ಕೊರಕಲಿಗೆ ಬೀಳುತ್ತಿತ್ತು. ನಾನು ಚಕ್ರವನ್ನು ಕೊನೆಯತನಕ ತಿರುವುತ್ತಿದ್ದೆ, ಗಾಲಿ ಮಾತ್ರ ಹೊರಳುತ್ತಿರಲಿಲ್ಲ.

ನನ್ನ ಕೈಯಲ್ಲಿ ಸ್ಟೇರಿಂಗ್ ಹಿಡಿಯುತ್ತಿಲ್ಲ ಎಂದರೆ ಗಂಡ ಕೈ ಪಳಗಬೇಕು, ಅವಸರ ಮಾಡಬೇಡ ಎನ್ನುತ್ತಿದ್ದರು. ಗೆಳೆಯರು ನಗುತ್ತ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಗಾದೆ ಹೇಳುತ್ತಿದ್ದರು. ನಾನೂ ನಗುತ್ತಿದ್ದೆ. ನನ್ನ ತವರು ತಳಕಲ್ಲು. ಅಲ್ಲಿನ ಎರೆಹೊಲದ ದಾರಿಯಲ್ಲಿ, ಮಳೆ ಬಂದು ಗಾಲಿ ಹೂತ ದಿನವೂ ಅಪ್ಪನ ಚಕ್ಕಡಿ ಹೊಡೆದವಳು ನಾನು. ಆದರೆ ಊರವರೆಲ್ಲ ಒಂದೇ ಮಾತು ಹೇಳುತ್ತಿದ್ದರೆ ನಮ್ಮ ಕೈಯ ಮೇಲೆ ನಮಗೇ ಗುಮಾನಿ ಬರುತ್ತದೆ. ವಾರವಿಡೀ ಗಲ್ಲೆಯಲ್ಲಿ ಕೂತು ಬರಿಗೈಯಲ್ಲಿ ಗಾಳಿಯನ್ನೇ ತಿರುವುತ್ತ, ಎಲ್ಲಿ ತಪ್ಪಿದೆನೆಂದು ಯೋಚಿಸುತ್ತಿದ್ದೆ.

ರಿಮೋಟಿನ ಮೇಲೆ ಒಂದು ಚಿಕ್ಕ ಗುಂಡಿಯಿತ್ತು, ರೇಡಿಯೋ ದನಿ ಏರಿಸುವಂಥದ್ದು. ಅದರ ಅಂಚಿನಲ್ಲಿ ಎರಡು ಕೆಂಪು ಚುಕ್ಕಿ. ಬಣ್ಣ ನೋಡಿದ ಕೂಡಲೇ ಅದು ನನ್ನ ಉಗುರುಬಣ್ಣವೆಂದು ಗೊತ್ತಾಗಿತ್ತು. ಗಂಡ ಏನೋ ಗುರುತು ಮಾಡಿಕೊಂಡಿದ್ದಾರೆ ಎಂದು ಬಿಟ್ಟಿದ್ದೆ. ಬ್ಯಾಟರಿ ಚಾರ್ಜು ಮಾಡುವವರು ಅವರೇ, ರಿಮೋಟು ಕೊಡುವವರೂ ಅವರೇ. ಕೊಡುವ ಮುಂಚೆ ಅಂಗಿಯ ತುದಿಗೆ ಒರೆಸಿ ಕೊಡುತ್ತಿದ್ದರು. ಹೆಂಡತಿಗೆ ಎಂಥ ಮರ್ಯಾದೆ ಎಂದು ನಾನು ಒಳಗೇ ಹಿಗ್ಗುತ್ತಿದ್ದೆ.

ಒಂದು ಭಾನುವಾರ ಬೈಕಿನ ಚೀಲದಿಂದ ನೀರಿನ ಬಾಟಲಿ ತರಲು ಹೋಗಿದ್ದೆ. ವಾಪಸು ಬರುವಾಗ ಬಂಡೆಯ ಆಚೆಯಿಂದ ಗೆಳೆಯರ ಮಾತು ಕೇಳಿಸಿತು.

"ವೈನಿ ಚುಕ್ಕಿಗೆ ಇಟ್ಟಿಯೋ ಇಲ್ಲೋ? ಮರತಿ ಅಂದ್ರ ಗಾಡಿ ಪಲ್ಟಿ ಹೊಡಿತೈತಿ ನೋಡಪಾ."

ಇಟ್ಟೇನಿ, ಇಟ್ಟೇನಿ ಎಂದರು ನನ್ನ ಗಂಡ.

ವೈನಿ ಚುಕ್ಕಿ ಅಂದರೇನು ಎಂದು ಹೋಗಿ ಎದುರಿಗೇ ಕೇಳಿದೆ. ಗಂಡ ಹೊಳೆಯ ಕಡೆ ನೋಡತೊಡಗಿದರು. ಗೆಳೆಯರು ಪಾಪ, ಮುಚ್ಚುಮರೆ ಇಲ್ಲದ ಮನುಷ್ಯ, ಎಲ್ಲ ಬಿಡಿಸಿ ಹೇಳಿದರು. ಆ ಗುಂಡಿ ಮುಂದಿನ ಗಾಲಿ ಎಷ್ಟು ಹೊರಳಬೇಕೆಂಬುದನ್ನು ನಿರ್ಧರಿಸುತ್ತದೆ. ಮೇಲಿನ ಚುಕ್ಕಿಗಿಟ್ಟರೆ ಗಾಲಿ ಪೂರ್ತಿ ಹೊರಳುತ್ತದೆ. ಕೆಳಗಿನದಕ್ಕಿಟ್ಟರೆ ನಾವು ಚಕ್ರವನ್ನು ಎಷ್ಟೇ ತಿರುವಿದರೂ ಗಾಲಿ ಹೊರಳುವುದು ಅರ್ಧ. ಮೇಲಿನದು ಗಂಡನ ಚುಕ್ಕಿ, ಕೆಳಗಿನದು ನನ್ನದು.

"ನಿಮಗ ಸಾವಕಾಶ ಆಗಲಿ ಅಂತ್ರಿ ವೈನಿ," ಎಂದು ಮುಗಿಸಿದರು.

ನನಗೆ ಮೈಯೆಲ್ಲ ಉರಿಯಿತು. ಗಾಡಿ ಬೀಳಬಾರದೆಂದು ಇಟ್ಟ ಚುಕ್ಕಿ ಅದು, ಅದರಿಂದಲೇ ಗಾಡಿ ಬೀಳುತ್ತಿತ್ತು. ಮೊಳಕೈಯಂಥ ತಿರುವಿನಲ್ಲಿ ಅರ್ಧ ಹೊರಳುವ ಗಾಲಿ ಇಟ್ಟುಕೊಂಡು ಯಾರು ದಾಟುತ್ತಾರೆ? ನೆಲ ನಿಜಕ್ಕೂ ಡೊಂಕಾಗಿತ್ತು. ಡೊಂಕು ಮಾಡಿದವರೂ ಗಾದೆ ಹೇಳಿದವರೂ ನನ್ನ ಪಕ್ಕದಲ್ಲೇ ನಿಂತಿದ್ದರು. ಅದಕ್ಕೆ ಬಳಸಿದ ಬಣ್ಣವೂ ನನ್ನದೇ.

ರಿಮೋಟು ಕಸಿದುಕೊಂಡು ಗುಂಡಿಯನ್ನು ಕೊನೆಯತನಕ ತಿರುವಿದೆ. ಅರ್ಧಕ್ಕೆ ಒಗ್ಗಿಹೋದ ಕೈ, ತುಸು ಮುಟ್ಟಿದ್ದಕ್ಕೇ ಟ್ರಕ್ಕು ಬೆದರಿದ ಹೋರಿಯಂತೆ ಪಕ್ಕಕ್ಕೆ ಹಾರಿತು. ತಿರುವಿನ ತನಕವೂ ಹೋಗದೆ ನೆಟ್ಟಗಿನ ಏರಿನಲ್ಲೇ ಮಗುಚಿ ಬಿತ್ತು. ಗಂಡ ಗುಂಡಿಯತ್ತ ಕೈ ಚಾಚಿದರು.

"ಮುಟ್ಟಬ್ಯಾಡ್ರಿ," ಎಂದೆ. "ಬಿದ್ರ ನಾ ಎತ್ತಿಕೋತೀನಿ."

ಎತ್ತಿಕೊಂಡೆ, ಮತ್ತೆ ಬೀಳಿಸಿದೆ, ಮತ್ತೆ ಎತ್ತಿಕೊಂಡೆ. ಮುಳ್ಳು ತಾಗಿ ಕೈ ಗೀರಿತು. ಅವರಿಬ್ಬರೂ ನೋಡಿದೆಯಾ ಎಂಬಂತೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮರುದಿನ ಟ್ರಕ್ಕು ಅಂಗಡಿಯಲ್ಲಿ ನನ್ನ ಕಪಾಟಿಗೆ ಬಂತು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅದನ್ನು ಗೊಂಬೆಯ ಡಬ್ಬಿಯ ಮೇಲೆ ಗಾಲಿ ತೇಲುವಂತೆ ಇಟ್ಟುಕೊಂಡು ಒಂದೊಂದೇ ನೋಡಿದೆ. ರಿಮೋಟಿನ ಚಕ್ರ ಮುಟ್ಟದಿದ್ದರೂ ಗಾಲಿ ಕೂದಲೆಳೆಯಷ್ಟು ಎಡಕ್ಕಿತ್ತು. ಇಷ್ಟು ದಿನ ಅದನ್ನೂ ನನ್ನ ಕೈಯ ಲೆಕ್ಕಕ್ಕೆ ಬರೆದಿದ್ದರು. ಅದನ್ನು ನೇರ ಮಾಡಿದೆ. ಪೂರ್ತಿ ಹೊರಳಿಸಿ ಹಿಡಿದಾಗ ಗಾಲಿ ಹೊರಳಿಸುವ ಪುಟ್ಟ ಮೋಟರು ಗುಂಯ್ ಎಂದು ನರಳಿತು. ಕಬ್ಬಿಣದ ಸರಳು ಇನ್ನು ಹೋಗಲು ಜಾಗವಿಲ್ಲದೆ ಒತ್ತುತ್ತಿತ್ತು. ದನಿ ನಿಲ್ಲುವ ತನಕ ಮಾತ್ರ ಗುಂಡಿಯನ್ನು ತುಸು ಇಳಿಸಿದೆ. ಯಂತ್ರದ ಮಿತಿಗೆ ನಾನು ತಲೆಬಾಗುತ್ತೇನೆ, ಅದರಲ್ಲಿ ನನಗೇನೂ ಅವಮಾನವಿಲ್ಲ.

ಉಳಿದದ್ದು ಆ ಬೆದರುವ ಬುದ್ಧಿ. ರಿಮೋಟಿನ ಪರದೆಯಲ್ಲಿ ಎಕ್ಸ್‌ಪೋ ಎಂಬ ಒಂದು ಸೆಟ್ಟಿಂಗು ಇತ್ತು. ಏರಿಸಿ ಇಳಿಸಿ ನೋಡುತ್ತ ಅದರ ಗುಟ್ಟು ತಿಳಿಯಿತು. ಚುಕ್ಕಿ ಮಾಡುತ್ತಿದ್ದುದು ಕೊನೆಯನ್ನೇ ಕತ್ತರಿಸುವ ಕೆಲಸ. ಇದು ಕೊನೆಯನ್ನು ಮುಟ್ಟುವುದಿಲ್ಲ, ಶುರುವನ್ನಷ್ಟೇ ಮೆತ್ತಗೆ ಮಾಡುತ್ತದೆ. ಚಕ್ಕಡಿ ಹೊಡೆದವರಿಗೆ ಇದು ಹೊಸದೇನಲ್ಲ. ಹಗ್ಗವನ್ನು ತುಸು ಜಗ್ಗಿದರೆ ಎತ್ತು ಕಿವಿ ಅಲ್ಲಾಡಿಸುತ್ತದೆ, ಇನ್ನೊಂದು ಗೇಣು ಜಗ್ಗಿದರೆ ಕುತ್ತಿಗೆಯನ್ನೇ ಹೊರಳಿಸುತ್ತದೆ. ನನಗೆ ಬೇಕಾದದ್ದು ಇದೇ ಆಗಿತ್ತು, ಮೊದಲು ಮೆತ್ತಗೆ, ಬೇಕೆಂದಾಗ ಪೂರ್ತಿ.

ಒಂದು ಚುಕ್ಕಿ ಕಂಡ ಮೇಲೆ ಕಣ್ಣು ಸುಮ್ಮನಿರುತ್ತದೆಯೇ? ನನ್ನ ಸ್ಕೂಟಿ ಕೊಂಡಾಗಿನಿಂದ ಮಂದ. ಸೈಕಲ್ಲಿನ ಹುಡುಗರೂ ಹಿಂದೆ ಹಾಕಿ ಹೋಗುತ್ತಿದ್ದರು. ಗ್ಯಾರೇಜಿಗೆ ಒಯ್ದೆ. ಮಿಸ್ತ್ರಿ ಎಕ್ಸಲೇಟರಿನ ವಾಯರು ನೋಡಿ ಗಲಿಬಿಲಿಗೊಂಡ.

"ನಿಮ್ಮ ಮನಿಯವರ ಹೇಳಿದ್ರಲ್ರಿ ಅಕ್ಕಾರ, ಪೂರಾ ತೆರೀಲಾರದಂಗ ಇಡು ಅಂತ."

ಪೂರಾ ತೆರೆಯುವಂತೆ ಮಾಡಿಸಿಕೊಂಡು ಬಂದೆ. ಮನೆಯಲ್ಲಿ ಗಂಡನಿಗೆ ಊಟಕ್ಕೆ ಬಡಿಸುತ್ತಲೇ ಕೇಳಿದೆ. ಅವರು ಜಗಳಗಂಟರಲ್ಲ, ಕೆಟ್ಟವರಂತೂ ಅಲ್ಲವೇ ಅಲ್ಲ. ಹುಲಿಗಿಯ ಜಾತ್ರೆಯ ಗದ್ದಲದಲ್ಲಿ ನನ್ನ ಸೆರಗು ಹಿಡಿದು ನಡೆಯುವ ಮನುಷ್ಯ. ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, ನಿನಗೆ ಏನಾದರೂ ಆದೀತೆಂದು ನನಗೆ ಅಂಜಿಕೆ ಬರುತ್ತದೆ ಎಂದರು. ಸುಳ್ಳು ಹೇಳಲಿಲ್ಲ. ಅವರ ಮುಖ ನೋಡಿ ಕರುಳು ಚುರ್ ಎಂದಿತು, ಆದರೂ ಸಿಟ್ಟು ಇಳಿಯಲಿಲ್ಲ.

"ಅಂಜಿಕಿ ನಿಮ್ಮದೈತ್ರಿ," ಎಂದೆ. "ಚುಕ್ಕಿ ನಿಮ್ಮ ಕೈಗೆ ಇಟಗೊಳ್ರಿ. ನನ್ನ ಕೈಗೆ ಯಾಕ ಇಡ್ತೀರಿ?"

ಇನ್ನೊಂದು ರೊಟ್ಟಿ ಹಾಕಿದೆ, ತಿಂದರು.

ಮುಂದಿನ ಭಾನುವಾರ ಹೊರಡುವ ಮುಂಚೆ ಉಗುರುಬಣ್ಣ ತೆಗೆಯುವ ಔಷಧಿಯಲ್ಲಿ ಅರಳೆ ಅದ್ದಿ ಎರಡೂ ಚುಕ್ಕಿ ಒರೆಸಿ ಹಾಕಿದೆ. ಇವತ್ತು ನನ್ನ ಸ್ಕೂಟಿ ಎಂದೆ. ಅವರು ಬೈಕಿನ ಕೀಲಿಯನ್ನು ಮೊಳೆಗೆ ತೂಗುಹಾಕಿ ಹಿಂದೆ ಕೂತರು. ಹೋಗುವಾಗ ದಾರಿಯಲ್ಲಿ ಭತ್ತದ ಟ್ರ್ಯಾಕ್ಟರುಗಳ ಸಾಲೇ ಇತ್ತು, ಅವುಗಳ ಹಿಂದೆಯೇ ತೆವಳಿದೆವು.

ಮೊಳಕೈಯಲ್ಲಿ ಮೊದಲ ಸಲ ಟ್ರಕ್ಕು ಬಿತ್ತು. ಎರಡನೆಯ ಸಲವೂ ಬಿತ್ತು. ಗೆಳೆಯರು ಗಂಟಲು ಸರಿಮಾಡಿಕೊಂಡರು. ಗಾದೆ ಬರುತ್ತದೆಂದು ನಾನು ಅವರತ್ತ ತಿರುಗಿ ನೋಡಿದೆ, ಅದು ಬಂದ ದಾರಿಯಲ್ಲೇ ಹಿಂದೆ ಹೋಯಿತು. ಮತ್ತೆ ಬಿಟ್ಟೆ. ಏರಿನಲ್ಲಿ ಮೆತ್ತಗೆ, ಅಲ್ಲಿಷ್ಟು ಇಲ್ಲಿಷ್ಟು ಸರಿಪಡಿಸುತ್ತ ಒಯ್ದೆ. ಮೂತಿ ತಿರುವಿಗೆ ಬಂದ ಕೂಡಲೇ ಚಕ್ರವನ್ನು ಕೊನೆಯತನಕ ತಿರುವಿ ಹಿಡಿದೆ. ಎಡಗಾಲಿ ಕೊರಕಲಿನ ಅಂಚನ್ನು ಉಜ್ಜಿತು, ಒಂದು ಹರಳು ಉದುರಿತು, ಟ್ರಕ್ಕು ಬಲಕ್ಕೆ ಹೊರಳಿ ಮೇಲೆ ಹತ್ತಿ ನಿಂತಿತು. ನನ್ನ ಕಣ್ಣು ತುಂಬಿತ್ತು. ಆಟದ ಗಾಡಿಗೆ ಇಷ್ಟೊಂದೇ ಎನ್ನುವವರು ಎನ್ನಲಿ. ನನ್ನ ಕೈ ಕೆಟ್ಟಿರಲಿಲ್ಲ ಎಂಬುದಕ್ಕೆ ನನಗೆ ಬೇರೆ ಸಾಕ್ಷಿ ಸಿಗುತ್ತಿರಲಿಲ್ಲ.

ಗೆಳೆಯರು ಭಾಳ ಛಲೋ ಆಯ್ತ್ರಿ ವೈನಿ ಎಂದರು. ಗಂಡ ಟ್ರಕ್ಕಿನ ಧೂಳನ್ನು ತಮ್ಮ ಅಂಗಿಯ ತುದಿಗೆ ಒರೆಸಿ ಚೀಲಕ್ಕಿಟ್ಟರು. ರಿಮೋಟನ್ನು ಮುಟ್ಟಲಿಲ್ಲ.

ಹೊತ್ತು ಇಳಿಯುವಾಗ ಹೊರಟೆವು. ಚೀಲ ಕಾಲ ಹತ್ತಿರ, ಗಂಡ ಬೆನ್ನ ಹಿಂದೆ. ಟ್ರ್ಯಾಕ್ಟರುಗಳೆಲ್ಲ ಹೋಗಿ ರಸ್ತೆ ಖಾಲಿ ಬಿದ್ದಿತ್ತು, ಎರಡೂ ಕಡೆ ಭತ್ತದ ಗದ್ದೆ. ಎಕ್ಸಲೇಟರನ್ನು ಮೊದಲು ಮೆತ್ತಗೆ ತಿರುವಿದೆ, ಆಮೇಲೆ ಅದು ಎಲ್ಲಿಗೆ ಮುಗಿಯುತ್ತದೆಂದು ನೋಡೋಣವೆಂದು ಇನ್ನಷ್ಟು ತಿರುವಿದೆ. ನನ್ನ ಸ್ಕೂಟಿಗೆ ಇಂಥದೊಂದು ದನಿ ಇದೆಯೆಂದು ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ. ಹಿಂದಿನಿಂದ ಗಂಡ ಕಿವಿಯ ಹತ್ತಿರ ಬಾಗಿ, ಸಾವಕಾಶ, ಸಾವಕಾಶ ಎಂದರು.

"ಹಿಡಕೊಂಡ ಕೂಡ್ರಿ," ಎಂದೆ.